ಎರಡನೇ ಗೇರಿನ ಗಂಡ

ಅವನಿಗಿದ್ದದ್ದು ಒಂದೇ ಒಂದು ದೂರು. ಅದು ಹೆಂಡತಿಯ ಮೇಲಲ್ಲ, ಸಂಬಳದ ಮೇಲಲ್ಲ, ಬೆಳಗಿನ ಐದು ಗಂಟೆಯ ಮೇಲೆ. ಒಳ್ಳೊಳ್ಳೆಯ ಕನಸುಗಳೆಲ್ಲ ಬೀಳುವುದು ಐದರಿಂದ ಏಳರೊಳಗೆ, ಅದಕ್ಕೆ ಮುಂಚೆ ಬೀಳುವುದೆಲ್ಲ ಬರೀ ಕರಡು ಎಂಬುದು ಅವನ ಸಿದ್ಧಾಂತ. ಕರಡು ಎಂದರೇನೆಂದು ಅವನಿಗೆ ಬೇರೆಯವರು ಹೇಳಿಕೊಡಬೇಕಾಗಿರಲಿಲ್ಲ; ಇಪ್ಪತ್ತೆರಡು ವರ್ಷದಿಂದ ಅಚ್ಚುಕೂಟದಲ್ಲಿ ಕರಡಚ್ಚು ತಿದ್ದುವುದೇ ಅವನ ಉದ್ಯೋಗ. ಮಾತಿನ ನಡುವೆ ನಿಂತು, ಕಿಟಕಿಯಾಚೆ ನೋಡಿ, ಆಮೇಲೆ ಬಿಟ್ಟಲ್ಲಿಂದ ಮುಂದುವರಿಸುವ ಅಭ್ಯಾಸ ಇದ್ದುದರಿಂದ ಅಲ್ಲಿಯವರು ಅವನನ್ನು ‘ಅಲ್ಪವಿರಾಮ’ ಎಂದೇ ಕರೆಯುತ್ತಿದ್ದರು. (ಪೂರ್ಣವಿರಾಮ ಎನ್ನಲಿಲ್ಲವಲ್ಲ, ಅದೇ ದೊಡ್ಡದು ಎಂದು ಅವನು ಸಮಾಧಾನಪಟ್ಟುಕೊಂಡಿದ್ದ.) ಅಚ್ಚುಕೂಟಕ್ಕೆ ಹನ್ನೊಂದಕ್ಕೆ ಹೋದರೆ ಸಾಕು. ಹಾಗಿದ್ದೂ ಅವನು ಮೂರು ಚಳಿಗಾಲದಿಂದ ಐದಕ್ಕೇ ಏಳುತ್ತಿದ್ದ.

ಕಾರಣ ದೊಡ್ಡಪ್ಪ.

ದೊಡ್ಡಪ್ಪ ಎಂದರೆ ಮನುಷ್ಯನಲ್ಲ, ಒಂದು ಮುದಿ ಪಿಕಪ್ ಗಾಡಿ. ಹೆಂಡತಿ ಮನೆಯ ಹಿಂದೆ ಹಸಿರು ಪರದೆ ಕಟ್ಟಿ ಗಿಡಗಳ ನರ್ಸರಿ ನಡೆಸುತ್ತಿದ್ದಳು. ದಿನಾ ಬೆಳಕು ಹರಿಯುವ ಮೊದಲು ಕುಂಡಗಳನ್ನು ತುಂಬಿಕೊಂಡು ಊರಾಚೆಯ ಸಗಟು ಮಾರುಕಟ್ಟೆಗೆ ಒಯ್ಯಬೇಕು. ಗಾಡಿ ಮೊದಲು ಅವಳ ದೊಡ್ಡಪ್ಪನದಾಗಿತ್ತು. ಕಣ್ಣು ಮಂಜಾದ ಮೇಲೆ ಅವರು ಅದನ್ನು ಇವಳಿಗೆ ಕೊಟ್ಟರು. ಅವರಂತೆಯೇ ಬೆಳಿಗ್ಗೆ ಎದ್ದೊಡನೆ ಕೆಮ್ಮುತ್ತಿತ್ತು, ಅವರಂತೆಯೇ ತಿರುವಿನಲ್ಲಿ ಗೊಣಗುತ್ತಿತ್ತು. ಹಾಗಾಗಿ ಹೆಸರೂ ಅದಕ್ಕೇ ಅಂಟಿಕೊಂಡಿತು.

ಈ ದೊಡ್ಡಪ್ಪನಿಗೆ ಚಳಿಯಲ್ಲಿ ಎರಡನೇ ಗೇರು ಬೀಳುತ್ತಿರಲಿಲ್ಲ. ಗೇಟು ದಾಟಿದ ಕೂಡಲೇ ಏರು. ಒಂದನೇ ಗೇರಿನಲ್ಲಿ ಹೊರಟು, ಏರಿನ ಬುಡದಲ್ಲೇ ಎರಡಕ್ಕೆ ಹಾಕದಿದ್ದರೆ ಗಾಡಿ ಉಸಿರುಗಟ್ಟಿದಂತೆ ಗುರುಗುಟ್ಟುತ್ತಿತ್ತು. ಹೆಂಡತಿ ಎರಡು ಕೈಯಲ್ಲೂ ಸ್ಟೇರಿಂಗ್ ಹಿಡಿದು, ಕ್ಲಚ್ಚನ್ನು ನೆಲಕ್ಕೆ ಒತ್ತಿ, “ಈಗ!” ಎನ್ನಬೇಕು. ಪಕ್ಕದಲ್ಲಿ ಕುಳಿತ ಗಂಡ ಎರಡೂ ಕೈಯಿಂದ ಗೇರಿನ ಕೋಲನ್ನು ಹಿಡಿದು, ಬಾವಿಯಿಂದ ಕೊಡ ಎಳೆದಂತೆ ತನ್ನ ಕಡೆ ಎಳೆಯಬೇಕು. ಕಟಕಟ, ಕರಕರ, ಕೊನೆಗೊಂದು ‘ದಡ್’. ಅಷ್ಟೇ ಅವನ ಕೆಲಸ. ಆದರೆ ಅದಾದ ಮೇಲೆ ನಡುರಸ್ತೆಯಲ್ಲಿ ಇಳಿದು ಮನೆಗೆ ಬಂದು ಮಲಗುವುದಕ್ಕಾಗುತ್ತದೆಯೇ? ಮಾರುಕಟ್ಟೆಯವರೆಗೂ ಹೋಗಲೇಬೇಕು.

“ಲೋಕದಲ್ಲಿ ಯಾವ ಗಂಡನಿಗಾದ್ರೂ ಇಂಥ ಗತಿ ಬಂದಿದ್ಯೇನೆ?” ಎಂದು ಒಂದು ಬೆಳಿಗ್ಗೆ ಅವನು ಮಫ್ಲರಿನೊಳಗಿಂದ ಕೇಳಿದ. “ನಾನು ಗಂಡನೋ, ಗೇರೋ?”

“ಗೇರಾಗಿದ್ರೆ ಒಂದೇ ಕೂಗಿಗೆ ಬೀಳ್ತಿದ್ರಿ,” ಎಂದಳು ಹೆಂಡತಿ. “ನಿಮ್ಮನ್ನ ಎಬ್ಬಿಸೋಕೆ ನಾಲ್ಕು ಸಲ ಕೂಗ್ಬೇಕು.”

“ಕನಸಲ್ಲಿ ಒಂದು ಕೊಳ ಇತ್ತು ಕಣೆ. ದೋಣಿ ಹತ್ತೋದ್ರಲ್ಲಿದ್ದೆ.”

“ನಾಳೆ ಹತ್ತೋವ್ರಂತೆ. ಈಗ!”

ಅವನು ಎಳೆದ. ದಡ್.

ಆ ದೋಣಿ ತಪ್ಪಿದ ದಿನವೇ ಅವನು ದೊಡ್ಡಪ್ಪನ ಸಮೇತ ಮೆಕ್ಯಾನಿಕ್‌ನ ಶೆಡ್ಡಿಗೆ ಹೋದ. ಈ ಮೆಕ್ಯಾನಿಕ್ ಮಾತಿನಲ್ಲಿ ಬಹಳ ಜುಗ್ಗ. ಗಾಡಿಯ ಕೆಳಗೆ ಹೋಗಿ, ಗೇರ್‌ಬಾಕ್ಸಿನ ಬೋಲ್ಟನ್ನು ಸಡಿಲಿಸಿ, ಬೆರಳು ಹಾಕಿ ನೋಡಿ, ಹೊರಗೆ ಬಂದು ಹೇಳಿದ:

“ಎಣ್ಣೆ ದಪ್ಪ.”

“ಅಂದ್ರೆ?”

“ಬದಲಾಯಿಸ್ಬೇಕು. ತಂದ್ಕೊಡಿ, ಹಾಕ್ಕೊಡ್ತೀನಿ.”

“ಯಾವ ಎಣ್ಣೆ ತರ್ಲಿ?”

“ಸರಿಯಾದ್ದು,” ಎಂದು ಮೆಕ್ಯಾನಿಕ್ ಮತ್ತೆ ಗಾಡಿಯೊಂದರ ಕೆಳಗೆ ಮಾಯವಾದ.

ಬೇರೆಯವರಾಗಿದ್ದರೆ ಅಂಗಡಿಗೆ ಹೋಗಿ ಒಂದು ಡಬ್ಬ ತಂದುಬಿಡುತ್ತಿದ್ದರು. ಆದರೆ ನಮ್ಮವನಿಗೆ ಅಕ್ಷರ ಕಂಡರೆ ಓದದೆ ಬಿಡುವುದು ಗೊತ್ತಿರಲಿಲ್ಲ. ಬಿಡಿಭಾಗಗಳ ಅಂಗಡಿಯಲ್ಲಿ ಒಂದು ಗೋಡೆಯ ತುಂಬ ಎಣ್ಣೆಯ ಡಬ್ಬಗಳು. ಕೆಂಪು, ನೀಲಿ, ಬಂಗಾರದ ಬಣ್ಣ. ಒಂದೊಂದರ ಮೇಲೂ ಅಂಕಿಗಳು: ಎಪ್ಪತ್ತೈದು ಡಬ್ಲ್ಯೂ ತೊಂಬತ್ತು, ಎಂಬತ್ತು ಡಬ್ಲ್ಯೂ ತೊಂಬತ್ತು, ನೂರ ನಲವತ್ತು. ಅದರ ಕೆಳಗೆ ಜಿ.ಎಲ್. ನಾಲ್ಕು, ಜಿ.ಎಲ್. ಐದು. ಸಂಜೆಯ ಬಿಸಿಲು ಬಾಗಿಲಿನಿಂದ ಓರೆಯಾಗಿ ಬಂದು ಡಬ್ಬಗಳ ಮೇಲೆ ಬಿದ್ದಿತ್ತು. ಅವನು ಬಾಯಿ ತೆರೆದುಕೊಂಡು ನಿಂತ. ಮೊದಲ ಡಬ್ಬದಲ್ಲೇ ಎರಡು ಕಾಗುಣಿತದ ತಪ್ಪು ಸಿಕ್ಕಿದವು.

“ಏನು ಬೇಕಾಗಿತ್ತು?” ಎಂದರು ಅಂಗಡಿಯ ಒಡತಿ. ವಯಸ್ಸಾದ ಹೆಂಗಸು, ಗಲ್ಲಾದ ಹಿಂದೆ ಸ್ವೆಟರು ಹೆಣೆಯುತ್ತಿದ್ದರು.

“ಸರಿಯಾದ್ದು,” ಎಂದ ಇವನು.

ಒಡತಿ ಕನ್ನಡಕದ ಮೇಲಿನಿಂದ ನೋಡಿದರು. “ಐದು ತಗೊಂಡು ಹೋಗಿ. ನಾಲ್ಕಕ್ಕಿಂತ ಒಂದು ಜಾಸ್ತಿ. ಎಲ್ರೂ ಅದನ್ನೇ ಒಯ್ತಾರೆ.”

ಎಲ್ಲರೂ ಒಯ್ಯುವುದನ್ನು ಒಯ್ಯುವಂಥವನಾಗಿದ್ದರೆ ಅವನಿಗೆ ಅಲ್ಪವಿರಾಮ ಎಂಬ ಹೆಸರೇ ಬರುತ್ತಿರಲಿಲ್ಲ. ಯೋಚಿಸಿ ಬರುತ್ತೇನೆಂದು ಹೇಳಿ ಹೊರಟ. ಮಾರನೆಯ ದಿನ ಬಂದು ಇನ್ನೊಂದು ಸಾಲು ಓದಿದ. ಮೂರನೆಯ ದಿನ ಒಡತಿ ಅವನಿಗೊಂದು ಸ್ಟೂಲು ಹಾಕಿಸಿದರು, ನಾಲ್ಕನೆಯ ದಿನ ಟೀ ಕೊಟ್ಟರು. ಐದನೆಯ ದಿನ ಯಾರೋ ಲಾರಿಯವನು ಬಂದು, ಇವನನ್ನೇ ಅಂಗಡಿಯವನೆಂದು ತಿಳಿದು, ಬ್ರೇಕಿನ ಎಣ್ಣೆ ಎಲ್ಲಿದೆ ಎಂದು ಕೇಳಿದ. ಇವನು ಕಣ್ಣು ತೆಗೆಯದೆ ತೋರಿಸಿದ: “ಎರಡನೇ ಸಾಲು, ಎಡಗಡೆ. ‘ಶುದ್ಧ’ ಅನ್ನೋದಕ್ಕೆ ಒತ್ತಕ್ಷರ ಬಿಟ್ಟುಹೋಗಿದೆ ನೋಡಿ, ಅದೇ.”

ಈ ನಡುವೆ ಅವನು ಗಾಡಿಯ ಡ್ಯಾಶ್‌ಬೋರ್ಡಿನ ಖಾನೆಯಿಂದ ಅದರ ಕೈಪಿಡಿಯನ್ನು ಹೊರತೆಗೆದಿದ್ದ. ಎಲ್ಲ ಪುಟವೂ ಇತ್ತು. ಎಣ್ಣೆಯ ವಿಷಯ ಹೇಳುವ ಪುಟ ಮಾತ್ರ ಎಣ್ಣೆಯಲ್ಲೇ ನೆನೆದು, ಆ ಬದಿಯ ಅಕ್ಷರ ಈ ಬದಿಗೂ ಕಾಣುತ್ತ, ಎರಡು ಜನ ಒಟ್ಟಿಗೆ ಮಾತಾಡಿದಂತಾಗಿತ್ತು. ಮೂರು ಸಂಜೆ ಅವನು ಆ ಹಾಳೆಯನ್ನು ಕಿಟಕಿಯ ಗಾಜಿಗೆ ಅಂಟಿಸಿ, ಭೂತಗನ್ನಡಿ ಹಿಡಿದು, ಅಕ್ಷರದಿಂದ ಅಕ್ಷರ ಬಿಡಿಸಿ ಓದಿದ. ಮೊದಲ ಅಂಕಿ ಎಣ್ಣೆ ಚಳಿಯಲ್ಲಿ ಹೇಗೆ ಹರಿಯುತ್ತದೆಂದು ಹೇಳುತ್ತದೆ, ಎರಡನೆಯದು ಬಿಸಿಯಾದ ಮೇಲೆ ಹೇಗಿರುತ್ತದೆಂದು. ಜಿ.ಎಲ್. ಐದು ಹಿಂದಿನ ಚಕ್ರಗಳ ನಡುವಿನ ಗೇರುಗುಂಡಿಗೆ ಹೇಳಿಮಾಡಿಸಿದ್ದು. ಅದರಲ್ಲಿ ಬೆರೆಸಿದ ಗಂಧಕದ ಮದ್ದು ಹಳೆಯ ಗೇರ್‌ಬಾಕ್ಸಿನ ಹಿತ್ತಾಳೆಯ ಬಳೆಗಳನ್ನು ಕಾಲಕ್ರಮೇಣ ತಿಂದುಹಾಕಬಹುದು.

ಹಿತ್ತಾಳೆಯ ಬಳೆಗಳು! ಆ ಮಾತು ಅವನಿಗೆ ಬಹಳ ಹಿಡಿಸಿತು. ಕೈಪಿಡಿಯ ಚಿತ್ರದಲ್ಲಿ ಅವು ಇದ್ದವು. ಒಂದು ಚಕ್ರ ಜೋರಾಗಿ ತಿರುಗುತ್ತಿದೆ, ಇನ್ನೊಂದು ನಿಧಾನವಾಗಿ. ನೇರವಾಗಿ ಕೂಡಿಸಿದರೆ ಹಲ್ಲಿಗೆ ಹಲ್ಲು ಬಡಿಯುತ್ತದೆ. ಈ ಪುಟ್ಟ ಬಳೆ ನಡುವೆ ಬಂದು, ಒಂದನ್ನು ಮೆಲ್ಲಗೆ ಹಿಡಿದು, ಎರಡರ ವೇಗವೂ ಒಂದಾಗುವ ತನಕ ಕಾಯುತ್ತದೆ. ಎಣ್ಣೆ ತೀರಾ ಜಾರಿದರೆ ಬಳೆಗೆ ಹಿಡಿತ ಸಿಗುವುದಿಲ್ಲ, ತೀರಾ ದಪ್ಪವಾದರೆ ಬಳೆಗೆ ಅಲ್ಲಾಡುವುದಕ್ಕೇ ಆಗುವುದಿಲ್ಲ. ಓದುತ್ತ ಓದುತ್ತ ಅವನ ಕಣ್ಣು ಅರ್ಧ ಮುಚ್ಚಿತು. ಹೊಳೆಯುವ ಹಳದಿ ಬಳೆಗಳು ಜೇನಿನಂಥ ಎಣ್ಣೆಯೊಳಗೆ ಸದ್ದಿಲ್ಲದೆ ತಿರುಗುತ್ತಿದ್ದವು.

“ರೀ, ಕಿಟಕಿಗೆ ಏನು ಅಂಟಿಸಿದ್ದೀರಿ? ಗಾಜೆಲ್ಲ ಜಿಡ್ಡು!”

“ನಾಲ್ಕು,” ಎಂದ ಅವನು ಕನಸಿನಿಂದಲೇ. “ಐದಲ್ಲ, ನಾಲ್ಕು.”

“ನಾಲ್ಕೂ ಗಾಜು ನೀವೇ ಒರೆಸ್ಬೇಕು ಹಾಗಾದ್ರೆ.”

ಜಿ.ಎಲ್. ನಾಲ್ಕು ಎಂಬುದೇನೋ ತೀರ್ಮಾನವಾಯಿತು. ಆದರೆ ಅದರ ಪಕ್ಕದ ಅಂಕಿ ಎಪ್ಪತ್ತೈದೋ ಎಂಬತ್ತೋ ಎಂಬಲ್ಲಿ ಕೈಪಿಡಿಯ ಮೇಲೆ ದೊಡ್ಡಪ್ಪನವರ, ಅಂದರೆ ಮನುಷ್ಯ ದೊಡ್ಡಪ್ಪನವರ, ಹೆಬ್ಬೆರಳಿನ ಕಪ್ಪು ಗುರುತು ಕೂತಿತ್ತು. ಹಾಗಾಗಿ ಅವನು ಪ್ರಯೋಗವನ್ನೇ ಮಾಡುವುದೆಂದು ನಿಶ್ಚಯಿಸಿದ. ಅಂಗಡಿಯ ಒಡತಿಯಿಂದ ಎರಡೂ ಬಗೆಯ ಎಣ್ಣೆಯನ್ನು ಒಂದಿಷ್ಟಿಷ್ಟು ಕೇಳಿ ತಂದ. (ಅವರು ಕೇಳಿದ ಕೂಡಲೇ ಕೊಟ್ಟರು. ಸ್ಟೂಲು ಖಾಲಿಯಾದರೆ ಸಾಕಾಗಿತ್ತು.) ಮೂರನೆಯದನ್ನು ಮೆಕ್ಯಾನಿಕ್ ಗಾಡಿಯಿಂದಲೇ ಇಳಿಸಿಕೊಟ್ಟ, ಅದು ಈಗ ಗೇರ್‌ಬಾಕ್ಸಿನಲ್ಲಿದ್ದ ನೂರ ನಲವತ್ತು. ಮೂರನ್ನೂ ಮೂರು ಪುಟ್ಟ ಗಾಜಿನ ಸೀಸೆಗೆ ತುಂಬಿ, ಚೀಟಿ ಅಂಟಿಸಿ, ಫ್ರಿಜ್ಜಿನಲ್ಲಿ ಬೆಣ್ಣೆಯ ಪಕ್ಕಕ್ಕಿಟ್ಟ. ಚಳಿಯ ಪರೀಕ್ಷೆಗೆ ಮನೆಯಲ್ಲಿ ಬೇರೆ ಪ್ರಯೋಗಶಾಲೆ ಎಲ್ಲಿಂದ ಬರಬೇಕು?

ಗೇರಿನ ಎಣ್ಣೆಗೆ ಒಂದು ವಾಸನೆ ಇದೆ. ಕೊಳೆತ ಮೊಟ್ಟೆಯನ್ನು ಹಳೆಯ ಟೈರಿನಲ್ಲಿ ಸುತ್ತಿಟ್ಟಂತೆ. ಮಾರನೆಯ ದಿನ ಭಾನುವಾರ, ಹೆಂಡತಿ ರೊಟ್ಟಿಗೆ ಬೆಣ್ಣೆ ಸವರಿ ಒಂದು ತುತ್ತು ಕಚ್ಚಿದಳು. ಕಚ್ಚಿ, ಹಾಗೇ ನಿಂತಳು.

“ಬೆಣ್ಣೆಗೆ ಗೇರು ಬಿದ್ದಿದೆ ಕಣ್ರೀ!”

ಅದೇ ಹೊತ್ತಿಗೆ ಬಾಗಿಲಲ್ಲಿ ಅವಳ ಅಣ್ಣ ಬಂದು ನಿಂತರು. ಮೂವತ್ತು ವರ್ಷ ಬಸ್ಸು ಓಡಿಸಿ ನಿವೃತ್ತರಾದವರು. ಅವರು ಕೂತರೆ ಕುರ್ಚಿಯೂ ಮೈ ಬಿಗಿಹಿಡಿಯುತ್ತಿತ್ತು. ಮೂರು ವರ್ಷದ ಹಿಂದೆ ದೊಡ್ಡಪ್ಪನಿಗೆ ನೂರ ನಲವತ್ತರ ಎಣ್ಣೆ ಕುಡಿಸಿದವರು ಅವರೇ. “ಎಣ್ಣೆ ದಪ್ಪಗಿದ್ದಷ್ಟೂ ಗಾಡಿಗೆ ಆಯುಸ್ಸು ಗಟ್ಟಿ,” ಎಂಬುದು ಅವರ ತೀರ್ಪು. ಅದರ ಮೇಲೆ ಮೇಲ್ಮನವಿ ಇರಲಿಲ್ಲ.

“ಏನಮ್ಮ, ಏನು ಗಲಾಟೆ?” ಎನ್ನುತ್ತ ಅವರು ನೇರ ಅಡಿಗೆಮನೆಗೆ ಬಂದು, ತೆರೆದಿದ್ದ ಫ್ರಿಜ್ಜಿನೊಳಗೆ ಇಣುಕಿದರು. ಮೂರು ಸೀಸೆ ಕಂಡವು. ಪ್ರಯೋಗಕ್ಕೆ ಸುಲಭವಾಗಲೆಂದು ಕರಡು ತಿದ್ದುವವನು ಚೀಟಿಯ ಮೇಲೆ ಅಂಕಿಗಳ ಬದಲು ಹೆಸರು ಬರೆದಿದ್ದ. ಎಪ್ಪತ್ತೈದಕ್ಕೆ ‘ನಾನು’. ಎಂಬತ್ತಕ್ಕೆ ‘ಅವಳು’. ನೂರ ನಲವತ್ತಕ್ಕೆ ‘ಭಾವ’.

ಅವರು ಮೂರನ್ನೂ ಹೊರತೆಗೆದು ಮೇಜಿನ ಮೇಲಿಟ್ಟು, ಮೊದಲು ‘ನಾನು’ ಎಂಬುದನ್ನು ಓರೆ ಮಾಡಿದರು. ಎಣ್ಣೆ ಸರಸರನೆ ಒಂದು ಬದಿಗೆ ಓಡಿತು. ‘ಅವಳು’ ಎಂಬುದನ್ನು ಓರೆ ಮಾಡಿದರು. ಅದು ತುಸು ಯೋಚಿಸಿ ಹೊರಟಿತು. ‘ಭಾವ’ ಎಂಬುದನ್ನು ಓರೆ ಮಾಡಿದರು. ಏನೂ ಆಗಲಿಲ್ಲ. ತಲೆಕೆಳಗು ಮಾಡಿದರು. ಆಗಲೂ ಏನೂ ಆಗಲಿಲ್ಲ. ಗೋಡೆ ಗಡಿಯಾರ ಟಿಕ್ ಟಿಕ್ ಎನ್ನುತ್ತಿತ್ತು.

“ನಾನ್ಯಾಕೆ ಅಲ್ಲಾಡ್ತಿಲ್ಲ?” ಎಂದು ಕೇಳಿದರು ಅವರು, ನಿಜವಾಗಿಯೂ ಚಿಂತೆಯಿಂದ.

“ಚಳಿ, ಭಾವ,” ಎಂದ ಇವನು ಗೋಡೆಗೆ ಒರಗಿಕೊಂಡು. “ಬಿಸಿಯಾದ್ರೆ ಸರಿಹೋಗ್ತೀರಿ.”

ಹೆಂಡತಿ ಮುಖ ತಿರುಗಿಸಿ ನೀರಿನ ನಲ್ಲಿ ಬಿಟ್ಟಳು. ಪಾತ್ರೆ ಯಾವುದೂ ಇರಲಿಲ್ಲ; ನಗುವಿನ ಸದ್ದು ಮುಚ್ಚಬೇಕಾಗಿತ್ತು. ಅಣ್ಣ ಸೀಸೆಯನ್ನು ತಲೆಕೆಳಗಾಗಿಯೇ ಹಿಡಿದು ಇನ್ನೂ ಒಂದು ನಿಮಿಷ ನೋಡಿದರು. ಆಮೇಲೆ ಗಂಭೀರವಾಗಿ, “ಬಸ್ಸಿಗೆ ಸರಿಯಿತ್ತು,” ಎಂದಷ್ಟೇ ಹೇಳಿ ಕೂತರು. ಇಪ್ಪತ್ತು ವರ್ಷದ ಸಂಬಂಧದಲ್ಲಿ ಅವರು ಒಪ್ಪಿಕೊಂಡ ಮೊದಲ ಸೋಲು ಅದು. ಬೆಣ್ಣೆ ಮಾತ್ರ ಪೂರ್ತಿ ಹಾಳಾಗಿತ್ತು. ಒಂದು ವಾರ ಆ ಮನೆಯಲ್ಲಿ ಬರೀ ಒಣರೊಟ್ಟಿಯನ್ನೇ ತಿಂದರು.

ಎಪ್ಪತ್ತೈದು ಡಬ್ಲ್ಯೂ ತೊಂಬತ್ತು, ಜಿ.ಎಲ್. ನಾಲ್ಕು. ಹನ್ನೆರಡನೆಯ ದಿನ ಅವನು ಆ ಡಬ್ಬವನ್ನು ಕೂಸಿನಂತೆ ಎತ್ತಿಕೊಂಡು ಶೆಡ್ಡಿಗೆ ಹೋದ. ಮೆಕ್ಯಾನಿಕ್ ಚೀಟಿ ಓದಿ ತಲೆದೂಗಿದ. “ಸರಿಯಾದ್ದು,” ಎಂದ. ಅಚ್ಚುಕೂಟದಲ್ಲಿ ಇಪ್ಪತ್ತೆರಡು ವರ್ಷದಲ್ಲಿ ಯಾರೂ ಅವನಿಗೆ ಇಷ್ಟು ದೊಡ್ಡ ಬಿರುದು ಕೊಟ್ಟಿರಲಿಲ್ಲ.

ಗಾಡಿಯನ್ನು ಸ್ವಲ್ಪ ಓಡಿಸಿ ಬಿಸಿ ಮಾಡಿ ತಂದರು. ಮೆಕ್ಯಾನಿಕ್ ಮೊದಲು ಮೇಲಿನ ತೂತಿನ ಬೋಲ್ಟು ಬಿಚ್ಚಿದ. ಕೆಳಗಿನದನ್ನು ಮೊದಲು ಬಿಚ್ಚಿ ಎಣ್ಣೆಯೆಲ್ಲ ಸುರಿದ ಮೇಲೆ ಮೇಲಿನದು ಬರದೇ ಹೋದರೆ ಗಾಡಿ ಅಲ್ಲೇ ಮನೆ ಮಾಡುತ್ತದೆ ಎಂಬುದನ್ನು ಆತ ಮೂರು ಶಬ್ದದಲ್ಲಿ ವಿವರಿಸಿದ: “ಮೊದ್ಲು ಮೇಲಿಂದು ಯಾವಾಗ್ಲೂ.” ಆಮೇಲೆ ಕೆಳಗಿನ ಬೋಲ್ಟು. ಹಳೆಯ ಎಣ್ಣೆ ಕಪ್ಪು ಜಡೆಯಂತೆ ಇಳಿಯತೊಡಗಿತು. ಗಾಡಿಯ ಕೆಳಗೆ ಮಲಗಿದ್ದ ನಮ್ಮವನು ಟಾರ್ಚು ಬಿಟ್ಟು ನೋಡಿದ. ಆ ಕಪ್ಪಿನೊಳಗೆ ಹಿತ್ತಾಳೆಯ ಸಣ್ಣ ಸಣ್ಣ ಚೂರು ಮಿನುಗುತ್ತ ತಿರುಗುತ್ತಿದ್ದವು. ಅವನು ಎಷ್ಟು ಹೊತ್ತು ಹಾಗೇ ನೋಡಿದನೋ, ಕೊನೆಗೆ ಮೆಕ್ಯಾನಿಕ್ ಅವನ ಕಾಲು ಹಿಡಿದು ಹೊರಗೆಳೆಯಬೇಕಾಯಿತು. ಹೊಸ ಎಣ್ಣೆ ತೂತಿನ ಅಂಚಿನಿಂದ ಹನಿಯುವ ತನಕ ತುಂಬಿದರು.

ಮಾರನೆಯ ಬೆಳಿಗ್ಗೆ ಹೆಂಡತಿ ಒಬ್ಬಳೇ ಗಾಡಿ ಹತ್ತಿದಳು. ಅವನು ಹಾಸಿಗೆಯಲ್ಲೇ ಕಿವಿ ನಿಮಿರಿಸಿ ಮಲಗಿದ್ದ. ದೊಡ್ಡಪ್ಪ ಕೆಮ್ಮಿದ. ಗೇಟು ದಾಟಿತು. ಒಂದನೇ ಗೇರಿನ ಗುರುಗುರು. ಇನ್ನೇನು ಕರಕರ ಎನ್ನಬೇಕು... ಇಲ್ಲ. ಬೆಣ್ಣೆಯಲ್ಲಿ ಚಾಕು ಇಳಿದ ಹಾಗೆ ದನಿ ಬದಲಾಯಿತು. (ಈ ಹೋಲಿಕೆಯನ್ನು ಹೆಂಡತಿಯ ಮುಂದೆ ಹೇಳುವ ಧೈರ್ಯ ಅವನಿಗಿರಲಿಲ್ಲ.) ಎರಡು, ಏರಿನ ತುದಿಯಲ್ಲಿ ಮೂರು, ತಿರುವು ದಾಟಿ ನಾಲ್ಕು. ಆಮೇಲೆ ನಿಶ್ಶಬ್ದ. ಅವನು ವಿಜಯೋತ್ಸಾಹದಿಂದ ರಗ್ಗನ್ನು ತಲೆತನಕ ಎಳೆದುಕೊಂಡು ಕಣ್ಣು ಮುಚ್ಚಿದ.

ಮೂರು ದಿನ ಚೆನ್ನಾಗಿ ನಿದ್ದೆ ಬಂತು. ಕೊಳವೂ ಬಂತು, ದೋಣಿಯನ್ನೂ ಹತ್ತಿದ. ಹತ್ತಿದ ಮೇಲೆ ಗೊತ್ತಾಯಿತು, ದೋಣಿಯಲ್ಲಿ ಮಾಡುವುದಕ್ಕೇನೂ ಇಲ್ಲ. ಸುಮ್ಮನೆ ನೀರು. ನಾಲ್ಕನೆಯ ದಿನ ದೋಣಿಗೆ ಗೇರಿನ ಕೋಲು ಎಲ್ಲಿದೆಯೆಂದು ಹುಡುಕುತ್ತ ಎಚ್ಚರವಾಯಿತು. ಐದನೆಯ ದಿನ ಹೆಂಡತಿ ಹೊರಟ ಸದ್ದಿಗೆ ಅವನ ಎರಡೂ ಕೈ ತಾವಾಗಿಯೇ ಎದ್ದು ಅವಳ ದಿಂಬನ್ನು ಹಿಡಿದು ಎಳೆದವು. ಯಾರೂ “ಈಗ!” ಎನ್ನಲಿಲ್ಲ.

ಆಮೇಲೆ ನಿದ್ದೆ ಬರಲಿಲ್ಲ. ಮಂಜಿನೊಳಗಿಂದ ಒಂದೊಂದಾಗಿ ಎದುರಿಗೆ ಬರುವ ಬೀದಿದೀಪಗಳು ನೆನಪಾದವು. ಬೇಕರಿಯ ಅರ್ಧ ತೆರೆದ ಶಟರಿನ ಕೆಳಗಿನ ಹಳದಿ ಬೆಳಕು, ಸೇತುವೆಯ ಮೇಲೆ ಗಾಜಿಗೆ ಕೂರುವ ತೇವ, ಅದನ್ನವನು ತನ್ನ ಮಫ್ಲರಿನಲ್ಲಿ ಒರೆಸುವುದು, ಅವಳು ಒರೆಸಿದ್ದು ಸಾಲದೆಂದು ಗೊಣಗುವುದು. ಹಿಂದಿನಿಂದ ಬರುವ ಒದ್ದೆ ಮಣ್ಣಿನ ವಾಸನೆ. ಹಗಲೆಲ್ಲ ಅವಳಿಗೆ ಗಿಡ, ಅವನಿಗೆ ಅಚ್ಚು; ಇಬ್ಬರೂ ಒಂದೇ ದಿಕ್ಕಿಗೆ ಮುಖ ಮಾಡಿ ಕೂರುತ್ತಿದ್ದುದು ಆ ಮುಕ್ಕಾಲು ಗಂಟೆ ಮಾತ್ರ. ಹನ್ನೆರಡು ದಿನ ಭೂತಗನ್ನಡಿ ಹಿಡಿದು ಓದಿ, ಬೆಣ್ಣೆ ಕೆಡಿಸಿ, ಭಾವನನ್ನು ಸೋಲಿಸಿ, ತನ್ನ ಜಾಗವನ್ನು ತಾನೇ ಅಳಿಸಿಹಾಕಿದ್ದ.

ಆರನೆಯ ದಿನ ಅವನು ಯಾರೂ ಕೂಗದೆಯೇ ಐದಕ್ಕೆ ಎದ್ದ. ಮುಖ ತೊಳೆದ. ತಲೆ ಬಾಚಿದ. (ಇದನ್ನು ಕಂಡಿದ್ದರೆ ಭಾವ ಡಾಕ್ಟರನ್ನು ಕರೆಸುತ್ತಿದ್ದರು.) ಮಫ್ಲರು ಸುತ್ತಿಕೊಂಡು, ಏನೋ ಹೀಗೇ ಬಂದವನಂತೆ ಗೇಟಿನ ಬಳಿ ಹೋದ.

“ಏನ್ರೀ, ಹುಷಾರಿಲ್ವಾ?”

“ಹಾಗೇನಿಲ್ಲ. ಗೇರು ಹೇಗೆ ಬೀಳುತ್ತೆ ಅಂತ ಕೂತು ನೋಡೋಣ ಅಂತ. ಎಣ್ಣೆ ಆರಿಸಿದವನಿಗೆ ಒಂದು ಜವಾಬ್ದಾರಿ ಇರುತ್ತೆ ನೋಡು.”

“ಅಯ್ಯೋ, ಮೊದ್ಲೇ ಹೇಳ್ಬಾರ್ದಾ?” ಎಂದು ಅವಳು ಬಾಗಿಲು ತೆರೆದು ತೋರಿಸಿದಳು. ಅವನ ಸೀಟಿನಲ್ಲಿ ಮೂರು ಅಂತಸ್ತಿನ ಮರದ ತಟ್ಟೆ. ಅದರ ತುಂಬ ಎಳೆಯ ಸಸಿಗಳು. ಬೀಳದಿರಲೆಂದು ಬೆಲ್ಟನ್ನೂ ಹಾಕಿದ್ದಳು. “ನೀವು ಬರಲ್ವಲ್ಲ ಅಂತ. ನಿಮ್ಮ ಜಾಗದಲ್ಲಿ ಎಪ್ಪತ್ತೆರಡು ಸಸಿ ಹಿಡಿಯುತ್ತೆ ಗೊತ್ತಾ? ಎಷ್ಟು ಅನುಕೂಲ ಆಗಿದೆ!”

ಅವನು ಆ ಎಪ್ಪತ್ತೆರಡನ್ನೂ ಒಂದೊಂದಾಗಿ ನೋಡಿದ. ಒಂದಕ್ಕೂ ಗೇರು ಹಾಕಲು ಬರುವಂತೆ ಕಾಣಲಿಲ್ಲ.

“ಹಿಂದೆ ಕೂರ್ತೀನಿ,” ಎಂದ.

“ಚಳಿ ಕಣ್ರೀ. ಒಳಗೆ ಹೋಗಿ ಮಲಗಿ, ಕನಸು ತಪ್ಪಿಹೋಗುತ್ತೆ.”

“ತಪ್ಪಿಹೋಗ್ಲಿ.”

ಅವಳು ಒಂದು ಕ್ಷಣ ಅವನ ಬಾಚಿದ ತಲೆಯನ್ನು ನೋಡಿದಳು. ತನ್ನ ಶಾಲನ್ನು ತೆಗೆದು ಅವನಿಗೆ ಕೊಟ್ಟಳು. “ಆ ಎತ್ತರದ ಗಿಡ ಹಿಡ್ಕೊಳ್ಳಿ. ಬಳುಕುತ್ತೆ.”

ಗಾಡಿಯ ಹಿಂಭಾಗದಲ್ಲಿ, ಅವಳ ಸೀಟಿನ ಹಿಂದಿನ ಕಿಟಕಿಯ ಕೆಳಗೆ ಬೆನ್ನು ಕೊಟ್ಟು, ಮಂಡಿ ಮಡಚಿ, ಎತ್ತರದ ಕುಂಡವನ್ನು ತಬ್ಬಿಕೊಂಡು ಅವನು ಕುಳಿತ. ದೊಡ್ಡಪ್ಪ ಏರು ಹತ್ತಿದ. ಒಂದು, ಎರಡು, ಮೂರು. ಎಲೆಗಳೆಲ್ಲ ಒಟ್ಟಿಗೆ ತಲೆಯಾಡಿಸಿದವು. ಮೇಲೆ ಬೀದಿದೀಪಗಳು ಈಗ ಎದುರಿಗೆ ಬರದೆ ಹಿಂದಕ್ಕೆ ಹಿಂದಕ್ಕೆ ತೇಲಿಹೋಗುತ್ತಿದ್ದವು, ನೀರಿನಲ್ಲಿ ಬಿಟ್ಟ ದೀಪಗಳಂತೆ. ಬೇಕರಿಯ ಬಿಸಿ ವಾಸನೆ ಬಂದು ಹೋಯಿತು. ಸೇತುವೆ ಬಂತು, ಮಂಜು ಬಂತು. ಒಳಗಿನಿಂದ ಅವಳು ಆ ಕಿಟಕಿಯ ಗಾಜಿಗೆ ಬೆರಳಿನಿಂದ ಎರಡು ಸಲ ತಟ್ಟಿದಳು, ಇದ್ದೀರಾ ಎಂಬಂತೆ. ಅವನೂ ಎರಡು ಸಲ ತಟ್ಟಿದ. ಅದಾದ ಮೇಲೆ ಕೊಳವೋ, ಮಂಜೋ, ಎಲೆಯೋ ತಿಳಿಯದಂಥ ಒಂದು ಹಸಿರು ನಿದ್ದೆ ಅವನನ್ನು ಆವರಿಸಿತು.

ಎಚ್ಚರವಾದಾಗ ಗಾಡಿ ನಿಂತಿತ್ತು, ಸುತ್ತ ಮಾರುಕಟ್ಟೆಯ ಗದ್ದಲ. ಆದರೆ ಕಣ್ಣು ತೆರೆಯಲು ಮನಸ್ಸಾಗಲಿಲ್ಲ. ಮೀಸೆಯ ಮೇಲೆ ಇಬ್ಬನಿ ಕೂತಿತ್ತು, ತಲೆಯ ಮೇಲೊಂದು ಒಣಗಿದೆಲೆ. ಹತ್ತಿರದಲ್ಲೇ ಅಪರಿಚಿತ ಹೆಂಗಸಿನ ದನಿ ಕೇಳಿಸಿತು. ಯಾವುದೋ ದೊಡ್ಡ ಹೋಟೆಲಿನ ತೋಟ ನೋಡಿಕೊಳ್ಳುವವರಂತೆ.

“ಇದೆಷ್ಟಕ್ಕೆ ಕೊಡ್ತೀರಮ್ಮ?”

“ಯಾವುದು? ಆ ಎತ್ತರದ್ದಾ?”

“ಗಿಡ ಅಲ್ಲ. ಗಿಡ ಹಿಡ್ಕೊಂಡಿರೋ ಬೊಂಬೆ. ನಮ್ಮ ಕೊಳದ ಪಕ್ಕಕ್ಕೆ ಹೇಳಿಮಾಡಿಸಿದ ಹಾಗಿದೆ.”

ಅವನು ಉಸಿರು ಬಿಗಿಹಿಡಿದ. ಹೆಂಡತಿ ಉತ್ತರ ಕೊಡುವುದಕ್ಕೆ ತೆಗೆದುಕೊಂಡ ಹೊತ್ತು ಅವನಿಗೆ ಬಹಳ ದೊಡ್ಡದೆನಿಸಿತು.

“ಅದು ಮಾರೋಕಲ್ಲಮ್ಮ,” ಎಂದಳು.

ಅವನ ಎದೆ ಉಬ್ಬಿತು.

“ಹಳೇದು. ಒಳಗೆ ಅಲ್ಲಲ್ಲಿ ಬಿರುಕಿದೆ. ಬೆಳಗಿನ ಬಿಸಿಲು ತಡ್ಕೊಳ್ಳಲ್ಲ, ಹೊತ್ತುಹೊತ್ತಿಗೆ ಟೀ ಹಾಕ್ಬೇಕು. ನಿಮ್ಮಲ್ಲಿ ಬಾಳಿಕೆ ಬರಲ್ಲ.”

“ಟೀನಾ?”

ಅಷ್ಟರಲ್ಲಿ ಬೊಂಬೆಗೆ ಸೀನು ಬಂತು. ತಡೆಯಲು ನೋಡಿತು, ಆಗಲಿಲ್ಲ. ಹೋಟೆಲಿನವರು ಹಾರಿ ಎರಡು ಹೆಜ್ಜೆ ಹಿಂದಕ್ಕೆ ಹೋದರು. ಹೆಂಡತಿ ಮಾತ್ರ ಒಂದಿಷ್ಟೂ ಅಲ್ಲಾಡದೆ, “ಎದ್ರಲ್ಲ, ಒಳ್ಳೇದಾಯ್ತು. ಇಳೀರಿ. ಅಮ್ಮನವರ ಗಾಡಿಗೆ ನಲವತ್ತು ಕುಂಡ ಸಾಗಿಸ್ಬೇಕು,” ಎಂದಳು.

ಶಾಲು ಹೊದ್ದೇ ಅವನು ಇಳಿದ. ಒಂದೊಂದೇ ಕುಂಡ ಎತ್ತಿ ಎದೆಗೊತ್ತಿಕೊಂಡು, ಅರ್ಧ ಕನಸಿನಲ್ಲೇ ನಡೆಯುತ್ತ, ಎಲ್ಲೂ ಮುಗ್ಗರಿಸದೆ, ಒಂದೆಲೆಯೂ ಮುರಿಯದಂತೆ ನಲವತ್ತನ್ನೂ ಸಾಗಿಸಿದ. ಹೋಟೆಲಿನವರು ಸೊಂಟದ ಮೇಲೆ ಕೈಯಿಟ್ಟು ಮೊದಲಿನಿಂದ ಕೊನೆಯವರೆಗೆ ನೋಡಿದರು. ಆಮೇಲೆ ಅವನ ಹೆಂಡತಿಯ ಹತ್ತಿರ ಬಂದು ದನಿ ತಗ್ಗಿಸಿ ಕೇಳಿದರು:

“ಮಾರೋದು ಬೇಡ ಬಿಡಿ. ವಾರಕ್ಕೆರಡು ದಿನ ಬಾಡಿಗೆಗೆ ಕೊಡ್ತೀರಾ?”

ಈ ಸಲ ಅವಳು ತಕ್ಷಣ ಇಲ್ಲ ಎನ್ನಲಿಲ್ಲ.